ಹಂಚಿದ ಕಳೆಯನ್ನು ವಾಪಸ್ ಕೇಳಲು ಅಪ್ಪಣೆ ಕೊಡಿ

ಮಾನ್ಯ ಮುಖ್ಯಾಧಿಕಾರಿಗಳೇ,

ನಾವು ಸೊಂಟದವರೆಗೆ ನೀರಿನಲ್ಲಿ ನಿಂತು ಕೆರೆಯಿಂದ ಕಿತ್ತ ಕಳೆಯನ್ನು ನಿಮ್ಮ ಕಳೆ ನಿಯಂತ್ರಣ ಕಚೇರಿಯೇ ಗಾಜಿನ ಬೋಗುಣಿಯಲ್ಲಿಟ್ಟು ಊರವರಿಗೆ ಹಂಚಿದೆ. ಅದನ್ನು ವಾಪಸ್ ಕೇಳಲು ಹೋದದ್ದಕ್ಕೆ ನನಗೆ ನೋಟಿಸ್ ಬಂದಿದೆ. ಮನೆಮನೆಗೆ ಹೋಗುವುದನ್ನು ನಿಲ್ಲಿಸದಿದ್ದರೆ ನನ್ನ ಇಂಟರ್ನ್‌ಶಿಪ್ ರದ್ದಂತೆ. ಇತ್ತ ಮೋಡ ಕಟ್ಟುತ್ತಿದೆ. ಮಳೆ ಬಂದು ಮನೆಗಳ ತೊಟ್ಟಿಗಳು ತುಂಬಿ ಹರಿದರೆ ಆ ಕಳೆಯೆಲ್ಲ ಮತ್ತೆ ಕೆರೆಗೇ ಬರುತ್ತದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ತಕರಾರು ಸಂಬಳದ್ದಲ್ಲ. ಕಲಿಯುವವರಿಗೂ ಸಂಬಳ ಕೊಡಬೇಕೆಂದು ಯೋಚಿಸಿದವರು ನೀವು, ಅದರಿಂದಲೇ ನಮ್ಮಂಥವರು ಈ ಕೆಲಸಕ್ಕೆ ಬರಲು ಸಾಧ್ಯವಾಯಿತು. ನನ್ನ ತಕರಾರು ಅಂಗಿಯದ್ದು. ಸೇರಿದ ದಿನವೇ ನಮ್ಮನ್ನು ಎರಡು ಪಾಲು ಮಾಡಿದಿರಿ. ಹಸಿರು ಅಂಗಿಯವರು ಕಳೆ ಕೀಳಬೇಕು, ಸಾರ್ವಜನಿಕರೊಡನೆ ಮಾತಾಡಕೂಡದು. ಹಳದಿ ಅಂಗಿಯವರು ಜನಜಾಗೃತಿ ಮೂಡಿಸಬೇಕು, ಗಿಡ ಮುಟ್ಟಕೂಡದು, ನೀರಿಗೆ ಇಳಿಯಕೂಡದು. ಕೈಗೊಂದು ಶಾಖೆ, ಬಾಯಿಗೊಂದು ಶಾಖೆ! ಊಟಕ್ಕೆ ಕೂತಾಗ ತಾವು ಯಾವ ಶಾಖೆಯ ಅನುಮತಿ ಪಡೆಯುತ್ತೀರಿ?

ಈ ಏರ್ಪಾಡಿನ ಫಲ ವಸ್ತುಪ್ರದರ್ಶನದಲ್ಲಿ ಕಂಡಿತು. ಜನರಿಗೆ ಗುರುತು ಸಿಗಲೆಂದು ಕಳೆಯ ಜೀವಂತ ಮಾದರಿ ತರಲು ಆದೇಶವಾಯಿತು. ಹಸಿರು ಅಂಗಿಯ ನಾವು ತಂದು, ಬೋಗುಣಿಗಳಲ್ಲಿ ಬಿಟ್ಟು, ನಿಯಮದಂತೆ ಬಾಯಿ ಮುಚ್ಚಿಕೊಂಡು ಹಿಂದಿರುಗಿದೆವು. ಹೊಳೆಯುವ ಎಲೆ, ಉಬ್ಬಿದ ತೊಟ್ಟು, ನೇರಳೆ ಹೂವು. ಮದುಮಗಳ ಹಾಗೆ ಕಾಣುತ್ತಿತ್ತು. ಮಳಿಗೆಯಲ್ಲಿದ್ದವನು ಹಳದಿ ಅಂಗಿಯ ನನ್ನ ಗೆಳೆಯ, ನಾವೆಲ್ಲ ರೇಡಿಯೋ ಎಂದು ಕರೆಯುವವನು. ಈ ಕಳೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ, ಮೀನಿನ ಉಸಿರು ಕಟ್ಟಿಸುತ್ತದೆ ಎಂದು ಅವನು ದಿನವಿಡೀ ಗಂಟಲು ಹರಿದುಕೊಂಡ. ಆದರೆ ಅವನು ಅದನ್ನು ನೋಡಿದ್ದು ನಿಮ್ಮ ಭಿತ್ತಿಚಿತ್ರದಲ್ಲಿ ಮಾತ್ರ, ಅದೂ ಕೆರೆ ದಡದಲ್ಲಿ ಕೊಳೆತ ರಾಶಿಯಾಗಿ. ಬೋಗುಣಿಯಲ್ಲಿದ್ದದ್ದು ಮಳಿಗೆಯ ಅಲಂಕಾರ ಎಂದುಕೊಂಡ. ಸಂಜೆ ಬೇಗ ಜಾಗ ಖಾಲಿ ಮಾಡಿ ಎಂದು ನಿಮ್ಮ ಕಚೇರಿಯಿಂದ ಫೋನ್ ಬಂತು. ಅಷ್ಟು ಚೆಂದದ ಗಿಡ ಎಸೆಯಲು ಮನಸ್ಸಾಗದೆ, ತನ್ನ ಭಾಷಣವನ್ನು ಕೊನೆಯವರೆಗೂ ಕೇಳಿದವರಿಗೆಲ್ಲ ಒಂದೊಂದು ಬೋಗುಣಿ ಬಹುಮಾನ ಕೊಟ್ಟುಬಿಟ್ಟ. ತಪ್ಪು ಅವನದೇ? ಅವನನ್ನು ಒಂದು ದಿನವಾದರೂ ಕೆರೆಗೆ ಕಳಿಸಿದ್ದಿರಾ?

ಒಂದು ಬೋಗುಣಿ ನನ್ನ ಚಿಕ್ಕಮ್ಮನ ಮನೆ ಸೇರಿತು. ಚಿಕ್ಕಮ್ಮ ಬಟ್ಟೆ ಹೊಲಿಯುವವಳು, ಅದನ್ನು ಯಂತ್ರದ ಪಕ್ಕದ ಕಿಟಕಿಯಲ್ಲಿಟ್ಟಿದ್ದಳು. ನಾನು ಹೋಗುವಷ್ಟರಲ್ಲಿ ಗಿಡ ಬೋಗುಣಿ ದಾಟಿ ಬಕೆಟ್ಟು, ಬಕೆಟ್ಟು ದಾಟಿ ಮಹಡಿಯ ತೊಟ್ಟಿ ಹಿಡಿದಿತ್ತು.

“ನಿಮ್ಮ ಆಫೀಸಿಂದ ಬಂದಿದ್ದು ಅಂತ ಎಷ್ಟು ಜೋಪಾನ ಮಾಡಿದೀನಿ ನೋಡೇ,” ಎಂದಳು. ಅದೇನೆಂದು ಹೇಳಿದೆ. ಅವಳ ಮುಖ ಸಪ್ಪಗಾಯಿತು. “ಜಾಸ್ತಿ ಆಗಿದ್ದನ್ನ ಮೋರಿಗೆ ಹಾಕ್ಬಿಟ್ನಲ್ಲೇ.”

ಆ ಮೋರಿ ಹೋಗುವುದು ನಾವು ಬೆನ್ನು ಮುರಿದುಕೊಂಡು ಸ್ವಚ್ಛ ಮಾಡಿದ ಕೆರೆಗೆ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮರುದಿನದಿಂದ ನಾನು, ರೇಡಿಯೋ ಇಬ್ಬರೂ ಬೀದಿಬೀದಿ ಸುತ್ತಿದೆವು. ಅವನು ಮಾತಾಡುತ್ತಿದ್ದ, ನಾನು ಒಂದು ಬೇರೂ ಉಳಿಯದಂತೆ ಎತ್ತಿ ಚೀಲಕ್ಕೆ ಹಾಕುತ್ತಿದ್ದೆ. ಅವನ ದನಿ ಬಿದ್ದಾಗ ನಾನು ಮಾತಾಡಿದೆ, ನನ್ನ ಕೈ ಸೋತಾಗ ಅವನು ಗಿಡ ಎತ್ತಿದ. ಕೆಲವರು ಕದ ಹಾಕಿಕೊಂಡರು, ಹೆಚ್ಚಿನವರು ಕೊಟ್ಟರು. ಇಬ್ಬರೂ ಜೊತೆಗಿದ್ದಾಗ ಈ ಕೆಲಸ ಎಷ್ಟು ಸಲೀಸು ಎಂದು ನಮಗೆ ಆಗಲೇ ತಿಳಿದದ್ದು.

ಆಮೇಲೆ ನೋಟಿಸ್. ಹಸಿರು ಅಂಗಿ ಮಾತಾಡಿದೆ, ಹಳದಿ ಅಂಗಿ ಗಿಡ ಮುಟ್ಟಿದೆ, ಶಿಸ್ತು ಕೆಟ್ಟಿದೆ. ವಿವರಣೆ ಕೊಡಲು ನಿಮ್ಮ ಕೊಠಡಿಗೆ ಬಂದೆ. ತಾವು ತಲೆಯೆತ್ತದೆ ಹೇಳಿದಿರಿ: “ನೋಡಮ್ಮ, ಈ ಕಚೇರಿಯಿಂದ ಒಂದು ಗಿಡವೂ ಹೊರಗೆ ಹೋಗಿಲ್ಲ. ಹೋಗಿದೆ ಅಂತ ಮನೆಮನೆಗೆ ಹೇಳ್ಕೊಂಡು ಬಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?” ಹಾಗೆನ್ನುತ್ತಲೇ, ಕುಡಿದು ಉಳಿದ ನೀರನ್ನು ಮೇಜಿನ ಮೇಲಿದ್ದ ಗಾಜಿನ ಬೋಗುಣಿಗೆ ಸುರಿದಿರಿ. ಅದರಲ್ಲಿ ನೇರಳೆ ಹೂವು ಬಿಟ್ಟಿತ್ತು. ನಾನು ಬಾಯಿ ತೆರೆದೆ, ತಾವು ಕೈಯೆತ್ತಿ ತಡೆದಿರಿ. ಒಂದು ವಿಷಯದಲ್ಲಿ ಮಾತ್ರ ತಾವು ಹೇಳಿದ್ದು ನಿಜ, ಆ ಗಿಡವಂತೂ ಕಚೇರಿಯಿಂದ ಹೊರಗೆ ಹೋಗಿಲ್ಲ.

ನೋಟಿಸ್ ಹಿಂತೆಗೆದುಕೊಳ್ಳಿ. ಮಳೆಗೆ ಮೊದಲು ಉಳಿದ ಮನೆಗಳಿಗೆ ನಮ್ಮಿಬ್ಬರನ್ನೂ ಒಟ್ಟಿಗೆ ಕಳಿಸಿ. ಬರುವ ವರ್ಷದ ಇಂಟರ್ನ್‌ಗಳಿಗೆ ಒಂದೇ ಬಣ್ಣದ ಅಂಗಿ ಹೊಲಿಸಿ. ಬೇಕಾದರೆ ಚಿಕ್ಕಮ್ಮ ಹೊಲಿದುಕೊಡುತ್ತಾಳೆ. ಅಪ್ಪಣೆ ಬಂದರೂ ಬರದಿದ್ದರೂ ನಾಳೆ ಬೆಳಿಗ್ಗೆ ಚೀಲ ಹಿಡಿದು ಹೊರಡುತ್ತೇವೆ, ಮೊದಲು ತಮ್ಮ ಕೊಠಡಿಗೇ ಬರುತ್ತೇವೆ. ಅಲ್ಲಿಯವರೆಗೆ ದಯವಿಟ್ಟು ಆ ಬೋಗುಣಿಯ ನೀರನ್ನು ಮೋರಿಗೆ ಚೆಲ್ಲಬೇಡಿ.

ಇಂತಿ,
ಮಾತಾಡಕೂಡದ ಹಸಿರು ಅಂಗಿ
(ಪಕ್ಕದಲ್ಲಿ ಕೂತು ಕಾಗುಣಿತ ತಿದ್ದಿದವನು ಮುಟ್ಟಕೂಡದ ಹಳದಿ ಅಂಗಿ)