ಅಕ್ಕುತಾಯಿಯ ಅಕ್ಷರಗಳು

೪ ನವೆಂಬರ್ ೨೦೨೪, ಬೆಳಿಗ್ಗೆ ೭
ಏಳು ಫ್ಲಾಪಿ ಒರೆಸಿದೆ. ಹತ್ತಿ, ಸ್ಪಿರಿಟ್. ನಡುವಿನ ತೂತಿಗೆ ಬೆರಳು ಹಾಕಿ ನಿಧಾನ ತಿರುಗಿಸಬೇಕು — ಬೂಷ್ಟು ಹೋಗಬೇಕು, ಕಂದು ಲೇಪ ಉಳಿಯಬೇಕು. ಶಾಲೆಯವರು ಗುಜರಿಗೆ ಹಾಕಲಿದ್ದ ಬಿಬಿಸಿ ಹೆಸರಿನ ಹಳೇ ಕಂಪ್ಯೂಟರನ್ನು ನಿವೃತ್ತಿಯಾದಾಗ ಕೇಳಿ ತಂದಿದ್ದೆ. ಕೆಪಾಸಿಟರ್ ಬದಲಿಸಿದ ಮೇಲೆ ಹೊಗೆ ಇಲ್ಲ. ಆದರೂ ಹೆಂಡತಿ ಸುಜಾತಾ ಬಾಗಿಲಿನಿಂದಲೇ, "ಮನಿ ಸುಟ್ಟೀರಿ ಮತ್ತ!"

ಸಂಜೆ
ಕಾಮಣ್ಣ ಸರ್ ಫೋನ್. ನಾನಿದ್ದ ಶಾಲೆಯಲ್ಲೇ ಕನ್ನಡ ಕಲಿಸುತ್ತಿದ್ದವರು. ಡಿಸೆಂಬರ್ ೧೫ಕ್ಕೆ ಶಾಲೆಯ ಸುವರ್ಣ ಮಹೋತ್ಸವ. "ಎಂಬತ್ತೆಂಟರಾಗ ಕಂಪ್ಯೂಟರ್ ಮ್ಯಾಲ ಕನ್ನಡ ತೋರಿಸಿ ಪ್ರೈಜ್ ತಂದಿದ್ರೆಲ್ಲ ಬಸವಂತ ಸರ್, ಅದನ್ನ ಸ್ಟೇಜ್ ಮ್ಯಾಲ ತೋರಸ್ರಿ. ನಿಮಗ ಸತ್ಕಾರ ಐತಿ."
ಹೂಂ ಅಂದೆ.

೯ ನವೆಂಬರ್
ಆರು ಫ್ಲಾಪಿ — 'ಡಿಸ್ಕ್ ಫಾಲ್ಟ್'. ಏಳನೆಯದು ಓದಿತು. ಡ್ರೈವ್ ಕರಕರ ಅಂದು, ನಿಂತು, ಮತ್ತೆ ಕರಕರ... ಪ್ರೋಗ್ರಾಂ ಬಂತು. ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ: ಅಕ್ಕುತಾಯಿ ಲಗಮಪ್ಪ, ೯ ಬಿ.
ಎದ್ದು ನೀರು ಕುಡಿದು ಬಂದೆ. ಸಾಲು ಅಲ್ಲೇ ಇತ್ತು.
ಜಿಲ್ಲಾ ಪ್ರದರ್ಶನಕ್ಕೆ ಒಯ್ದ ಕಾಪಿಯಲ್ಲಿ ಆ ಸಾಲು ಅಳಿಸಿದ್ದೆ. ನನ್ನ ಹೆಸರು ಹಾಕಿದ್ದೆ.
ಇಂಗ್ಲಿಷ್ ಮಾತ್ರ ಬಲ್ಲ ಯಂತ್ರ ಇದು. ಆ ಹುಡುಗಿ ಚೌಕಳಿ ಕಾಗದದಲ್ಲಿ ಎಂಟಕ್ಕೆ ಎಂಟು ಮನೆ ತುಂಬಿ ತುಂಬಿ ಕನ್ನಡ ಅಕ್ಷರ ಮಾಡಿದ್ದಳು. ಮನೆಗಳನ್ನು ಸಂಖ್ಯೆಗಳಾಗಿ ಬದಲಿಸಿ ಟೈಪ್ ಮಾಡುವುದಷ್ಟೇ ನಾನು ಕಲಿಸಿದ್ದು. ನನ್ನ ವಿದ್ಯಾರ್ಥಿನಿ, ನನ್ನ ಲ್ಯಾಬ್, ಅಂದಮೇಲೆ ನನ್ನದೇ — ಮೂವತ್ತಾರು ವರ್ಷ ಹೀಗೆ ಅಂದುಕೊಂಡೆ. ಅಂದುಕೊಂಡು ಅಂದುಕೊಂಡು ನಿಜವೇ ಆಗಿಬಿಟ್ಟಿತ್ತು.

೨೩ ನವೆಂಬರ್
ಎರಡು ವಾರ ಮಷೀನ್ ಮುಟ್ಟಿರಲಿಲ್ಲ. ಇಂದು ಅಥಣಿಯಿಂದ ಬಸ್ ಹತ್ತಿ ಐಗಳಿಗೆ ಹೋದೆ. ಅಕ್ಕುತಾಯಿ ಅಲ್ಲಿ ಪೋಸ್ಟಿನಲ್ಲಿ ಕೆಲಸ ಮಾಡುತ್ತಾಳೆ. ಐವತ್ತು ವರ್ಷ, ಕನ್ನಡಕ. ಕೂಡಲೇ ಗುರುತು ಹಿಡಿದಳು. ಚಹಾ ತರಿಸಿದಳು.
ಎಲ್ಲ ಹೇಳಿದೆ.
"ಗೊತ್ತೈತ್ರಿ ಸರ್. ಆವತ್ತ ಪ್ರದರ್ಶನಕ್ಕ ನಾನೂ ಬಂದಿದ್ನೆಲ್ಲ, ಹಿಂದ ಕುಂತಿದ್ದೆ. ಅಪ್ಪನ್ನೂ ಕರಕೊಂಡ ಬಂದಿದ್ದೆ."
ಲಗಮಪ್ಪ ಬಂದದ್ದು ನನಗೆ ಗೊತ್ತಿರಲಿಲ್ಲ.
"ನಿನ್ನ ಹೆಸರು ಯಾವಾಗ ಕರೀತಾರ ಅಂತ ಅಪ್ಪ ಕೇಳಾಕತ್ತಿದ್ದ. ನಾ ಏನ್ ಹೇಳ್ಲಿ?"
"ತಪ್ಪಾತವಾ."
"ನನಗ್ಯಾಕ ಹೇಳ್ತೀರಿ? ನನಗ ಗೊತ್ತೈತಿ. ಗೊತ್ತಿಲ್ಲದವ್ರಿಗೆ ಹೇಳ್ರಿ."
ಅಷ್ಟೇ. ಪತ್ರಗಳಿಗೆ ಮುದ್ರೆ ಒತ್ತತೊಡಗಿದಳು. ಚಹಾ ಆರಿತ್ತು. ಕುಡಿದೆ.

೧೫ ಡಿಸೆಂಬರ್
ಹೇಳಿದೆ.
ಪರದೆಯ ಮೇಲೆ ಕನ್ನಡ ಮೂಡಿತು. ಚಪ್ಪಾಳೆ. ನಿಲ್ಲುವವರೆಗೆ ಕಾದು ಮೈಕ್ ಹಿಡಿದೆ — ಇದು ನನ್ನದಲ್ಲ, ಅಕ್ಕುತಾಯಿಯದು, ಅವಳ ಹೆಸರು ಅಳಿಸಿದವನು ನಾನು. ಹೊದಿಸಿದ್ದ ಶಾಲು ಮಡಿಚಿ ಮೇಜಿನ ಮೇಲಿಟ್ಟೆ. ಮಡಿಕೆ ಸರಿ ಬರಲಿಲ್ಲ.
ಸ್ಟೇಜ್ ಇಳಿದಾಗ ಕಾಮಣ್ಣ ಸರ್, "ಇಷ್ಟ ಮಂದ್ಯಾಗ ಹೇಳೂದಿತ್ತೇನ್ರಿ?"
"ಪ್ರೈಜೂ ಮಂದ್ಯಾಗ ತಗೊಂಡಿದ್ನೆಲ್ರಿ."
ಊಟಕ್ಕೆ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಅಕ್ಕುತಾಯಿಗೆ ಆಮಂತ್ರಣ ಕಳಿಸಿದ್ದೆ. ಬಂದಿರಲಿಲ್ಲ.
ಮನೆಗೆ ಬಂದ ಮೇಲೆ ಸುಜಾತಾ, "ನನಗೂ ಒಂದ ಮಾತ ಹೇಳಿರಲಿಲ್ಲಲ್ರಿ, ಇಷ್ಟ ವರ್ಷ."

೫ ಜನವರಿ ೨೦೨೫, ಮಧ್ಯಾಹ್ನ
ಬಾಗಿಲಲ್ಲಿ ಅಕ್ಕುತಾಯಿ! ಸಮಾರಂಭದ ವಿಡಿಯೋ ಯಾರೋ ಮೊಬೈಲಿಗೆ ಕಳಿಸಿದ್ದರಂತೆ.
"'ಳ' ಸರಿ ಬಂದಿಲ್ರಿ ಸರ್. ಆವಾಗೂ ಬಂದಿರಲಿಲ್ಲ. ಮಷೀನ್ ಚಾಲೂ ಐತೇನ್ರಿ?"
ಕುರ್ಚಿ ಕೊಟ್ಟೆ. ಚೀಲದಿಂದ ಕಾಗದ ತೆಗೆದಳು, 'ಳ' ಬರೆದುಕೊಂಡೇ ಬಂದಿದ್ದಾಳೆ. ಈಗ ಒಂದೇ ಬೆರಳಿನಲ್ಲಿ ಸಂಖ್ಯೆ ಒತ್ತುತ್ತಿದ್ದಾಳೆ. ನಾನು ಈಚೆ ಕೂತು ಇದನ್ನು ಬರೆಯುತ್ತಿದ್ದೇನೆ, ಅವಳತ್ತ ನೋಡುತ್ತ ಕೂರಲು ಸಂಕೋಚ. ಸುಜಾತಾ ಚಹಾ ತಂದವಳು ಕಂಪ್ಯೂಟರಿನ ಹತ್ತಿರವೇ ನಿಂತಿದ್ದಾಳೆ.
"ಬಂತ ನೋಡ್ರಿ ಅಕ್ಕಾರ!" ಅಂತ ಅಕ್ಕುತಾಯಿ ಅವಳಿಗೆ ತೋರಿಸುತ್ತಿದ್ದಾಳೆ. ಆಮೇಲೆ ನನಗೆ, "ಸರ್, ಸೇವ್ ಹೆಂಗ ಮಾಡೂದ್ರಿ? ಮರತೇನಿ."
ಹೊಸ ಫ್ಲಾಪಿ ಒಂದಿರಬೇಕು, ಕೆಳಗಿನ ಡ್ರಾಯರಿನಲ್ಲಿ, ಹುಡುಕಿ—