ನೀನು ನೋಡದೆ ಎತ್ತಿ ಆಡಿಸಿದ ಮಗು

ನನ್ನ ಕುರ್ಚಿಯಲ್ಲಿ ಮೂರು ತಿಂಗಳು ಕೂತು ಎದ್ದುಹೋದ ಗೆಳತಿ ಗಿರಿಜಾ,

ಮೊನ್ನೆ ನಿಮ್ಮ ಅಮೃತೂರಿಗೆ ಹೋಗಿದ್ದೆ. ಗುಬ್ಬಿಯಿಂದ ತುಮಕೂರು, ತುಮಕೂರಿಂದ ಕುಣಿಗಲ್, ಅಲ್ಲಿ ಬಿಸಿಲಲ್ಲಿ ಕಾದು ಕಾದು ಒಂದು ಪ್ರೈವೇಟ್ ಬಸ್ಸು. ಬಂದು ಎರಡು ದಿನವಾದರೂ ನನ್ನ ಸೊಂಟ ನೆಟ್ಟಗಾಗಿಲ್ಲ. ವಯಸ್ಸಾಯ್ತಲ್ಲೇ ಅಂತ ನಗಬೇಡ. ನಾನು ನಿನಗಿಂತ ಚಿಕ್ಕವಳು ಎಂದು ಎಷ್ಟು ಜಂಬ ಕೊಚ್ಚುತ್ತಿದ್ದೆ. ಈಗ ನೋಡು, ನೀನು ಇಪ್ಪತ್ತೇಳಕ್ಕೇ ನಿಂತುಬಿಟ್ಟೆ, ನಾನು ಮಾತ್ರ ಬಡ್ಡಿಯ ಹಾಗೆ ಬೆಳೆಯುತ್ತಲೇ ಇದ್ದೇನೆ. ಯಾಕೆ ಹೋಗಿದ್ದೆ ಅಂತ ತಾನೇ ನಿನ್ನ ಪ್ರಶ್ನೆ? ಹೇಳುತ್ತೇನೆ, ತಾಳು. ನಿನಗೆ ಯಾವಾಗಲೂ ಆತುರ.

ಆ ದಿನ ಹೆಡ್‌ಮಾಸ್ತರ ಕೋಣೆಯಲ್ಲಿ ನಾನು ತುಂಬಿದ ಹೊಟ್ಟೆ ಹೊತ್ತು ನಿಂತಿದ್ದೆ. ಎಪ್ಪತ್ತೆಂಟರ ಆಷಾಢ ಇರಬೇಕು. ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ ಅವರು. "ರಜ ತಗಳಿ ಮೇಡಂ, ಬೇಡ ಅನ್ನಲ್ಲ. ಆದ್ರೆ ನೀವಿನ್ನೂ ಟೆಂಪರರಿ, ಸಂಬಳ ಕೊಡಕ್ಕಾಗಲ್ಲ. ಇನ್ನೊಂದು, ನಿಮ್ಮ ಜಾಗಕ್ಕೆ ಯಾರನ್ನಾದ್ರೂ ನೀವೇ ನೋಡ್ಕೊಟ್ಟು ಹೋಗ್ಬೇಕು" ಎಂದರು. ನಮ್ಮ ಆಡಳಿತ ಮಂಡಳಿಯವರ ಪದ್ಧತಿಯೇ ಹಾಗಿತ್ತಲ್ಲ. ಹೆರಬೇಕಾದವಳೂ ನಾನೇ, ಬದಲಿ ಟೀಚರನ್ನು ಹುಡುಕಬೇಕಾದವಳೂ ನಾನೇ. ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ಎರಡು ವರ್ಷದಿಂದ ಅಣ್ಣನ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದ ನೀನು ನೆನಪಾದೆ. ಕಾರ್ಡು ಬರೆದ ವಾರದೊಳಗೆ ಟ್ರಂಕು ಹಿಡಿದು ಬಂದು, ಪೇಟೆ ಬೀದಿಯ ನಿನ್ನ ಸೋದರತ್ತೆಯ ಮನೆಯಲ್ಲಿ ಇಳಿದುಕೊಂಡೆ. "ನಿನ್ನ ರಜ ನನ್ನ ಅನ್ನ ಕಣೇ ವನಜ. ನಿಧಾನಕ್ಕೆ ಹೆರು, ಆತುರ ಬೇಡ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆಗ ನಗುವುದು ಸುಲಭವಾಗಿತ್ತು.

ಮಗುವನ್ನು ನೋಡಲು ನೀನು ಮೊದಲ ಸಲ ಬಂದ ಸಂಜೆ ನಾನು ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಗೆ ಒರಗಿದ್ದೆ. ಹೊಸಿಲು ದಾಟುತ್ತಲೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡೆಯಲ್ಲ! "ನಾನು ನೋಡಲ್ಲಪ್ಪ. ಬರಿಗೈಲಿ ಕೂಸಿನ ಮುಖ ನೋಡ್ತಾರಾ ಯಾರಾದ್ರೂ? ಸಂಬಳ ಬರ್ಲಿ. ಹತ್ತು ರೂಪಾಯಿ ನೋಟು ಕೈಗಿಟ್ಟೇ ನೋಡ್ತೀನಿ." ನಾಲ್ಕಾಣೆ ಇಡು ಸಾಕು, ಶಾಸ್ತ್ರಕ್ಕೆ, ಎಂದೆ ನಾನು. "ನಾಲ್ಕಾಣೆ ಇಡಕ್ಕೆ ನಾನೇನು ದಾರಿಹೋಕಳಾ? ಇದು ಹುಟ್ಟಿದ್ದಕ್ಕೆ ತಾನೇ ನಂಗೆ ಕೆಲಸ ಸಿಕ್ಕಿದ್ದು?" ಎಂದು ನೀನು ಮುಖ ಅತ್ತ ತಿರುಗಿಸಿಕೊಂಡೇ ಮಗುವನ್ನು ಎತ್ತಿಕೊಂಡೆ. ಬಾಣಂತನಕ್ಕೆಂದು ಕಡಬದಿಂದ ಬಂದಿದ್ದ ನಮ್ಮತ್ತೆ "ಇದೇನವ್ವ ಹಿಂಗಾಡ್ತಳೆ ಈ ಮಗ" ಎಂದು ಬಾಯಿಗೆ ಸೆರಗು ಇಟ್ಟುಕೊಂಡಿದ್ದರು.

ಮೊದಲ ತಿಂಗಳ ಸಂಬಳ ಬಂದ ದಿನ ನೀನು ಬರಲೇ ಇಲ್ಲ. ಮಾರನೆಯ ದಿನ ಬಂದವಳು ಮತ್ತೆ ಮುಖ ತಿರುಗಿಸಿಕೊಂಡೇ ತೊಟ್ಟಿಲು ತೂಗಿದೆ. ನಿಮ್ಮಮ್ಮನಿಗೆ ಕ್ಷಯ, ತುಮಕೂರಿನ ಆಸ್ಪತ್ರೆಗೆ ಓಡಾಟ, ಸಂಬಳ ತಂದುಕೊಟ್ಟರೆ ಮಾತ್ರ ನಿಮ್ಮತ್ತಿಗೆ ಆ ಜೀವಕ್ಕೆ ಒಂದು ಮೂಲೆ ಬಿಟ್ಟುಕೊಡುತ್ತಾರೆ ಅನ್ನುವುದೆಲ್ಲ ನನಗೆ ಗೊತ್ತಿತ್ತಲ್ಲ. ನನ್ನ ಮನೆಯ ಕಥೆಯೇನು ಬೇರೆಯೇ? ನಾದಿನಿಯ ಮದುವೆಗೆ ಸೊಸೈಟಿಯಲ್ಲಿ ಎತ್ತಿದ್ದ ಸಾಲದ ಕಂತು ನನ್ನ ಸಂಬಳದಿಂದ ಹೋಗುತ್ತಿತ್ತು. ಸಂಬಳ ನಿಂತರೂ ಕಂತು ನಿಲ್ಲುತ್ತದೆಯೇ? ತುಮಕೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮವರು ತಂದದ್ದು ಬಾಡಿಗೆಗೆ, ರೈಲು ಪಾಸಿಗೆ, ವರ್ತನೆ ಹಾಲಿಗೆ ಸರಿಹೋಗುತ್ತಿತ್ತು. ಉಳಿದದ್ದೆಲ್ಲ ಶೆಟ್ಟರ ಅಂಗಡಿಯ ಉದ್ರಿ. ಬಾಣಂತಿಗೆ ತುಪ್ಪ ಬೇಕು, ಬೆಲ್ಲ ಬೇಕು, ಒಣಶುಂಠಿ ಬೇಕು, ಹಂಡೆಗಟ್ಟಲೆ ಬಿಸಿನೀರು ಬೇಕು. ಸೌದೆಗೆ ದುಡ್ಡಿಲ್ಲದೆ ಅತ್ತೆ ತೆಂಗಿನ ಗರಿ, ಮಟ್ಟೆ ಉರಿಸಿ ನೀರು ಕಾಯಿಸುತ್ತಿದ್ದರು. ಮನೆಯೆಲ್ಲ ಹೊಗೆ. ಆ ಹೊಗೆಯ ನೆಪದಲ್ಲಿ ನಾನು ಎಷ್ಟು ಅತ್ತೆನೋ.

ಗೌರಿ ಹಬ್ಬ ಕಳೆದ ಮೇಲೆ ಅತ್ತೆ ಕಡಬಕ್ಕೆ ಹೊರಟರು. ಅಲ್ಲಿ ಮಾವ, ದನಕರು ಅಂತ ಅವರಿಗೂ ಇತ್ತಲ್ಲ. ಅವರು ಹೋದ ವಾರದಲ್ಲೇ ಶೆಟ್ಟರು ಬೆಲ್ಲ ಕೊಡದೆ ನಮ್ಮವರನ್ನು ವಾಪಸ್ಸು ಕಳಿಸಿದರು. "ಹಳೇದು ಚುಕ್ತಾ ಮಾಡಿ ಸ್ವಾಮಿ, ಆಮೇಲೆ ನೋಡಣ" ಎಂದರಂತೆ. ನನ್ನ ಓಲೆ ಗಿರವಿ ಅಂಗಡಿಗೆ ಹೋಯಿತು. ಆ ದುಡ್ಡೂ ಮುಗಿಯಿತು. ಸೊಸೈಟಿಯವರು ಜಾಮೀನುದಾರರ ಮನೆಗೆ ಹೋಗುತ್ತೇವೆಂದು ಹೇಳಿಕಳಿಸಿದರು. ಆ ರಾತ್ರಿ ನಮ್ಮವರು ಊಟದ ಮುಂದೆ ಕೂತು, "ಮೂರನೇ ತಿಂಗಳು ನೀನು ಕೆಲಸಕ್ಕೆ ಹೋದ್ರೆ ಹೆಂಗೆ?" ಎಂದರು. ಹೋದರೆ ಒಂದು ಸಂಬಳ ಬರುತ್ತದೆ, ಉಸಿರಾಡಬಹುದು. ಆದರೆ ನಾನು ಹೋದರೆ ನೀನು ಏಳಬೇಕು. ಇದ್ದದ್ದು ಒಂದೇ ಕುರ್ಚಿ. ನಿನಗೆ ಹೇಗೆ ಹೇಳಲಿ? ಕರೆದವಳೂ ನಾನೇ, ಎಬ್ಬಿಸುವವಳೂ ನಾನೇ ಆಗುವುದೆಂದರೆ... ಮಗುವಿಗೆ ಹಾಲು ಕುಡಿಸುತ್ತ ಎಷ್ಟು ಸಲ ಆ ಮಾತನ್ನು ಬಾಯಿಪಾಠ ಮಾಡಿದ್ದೇನೆಂದು ನಿನಗೆ ಗೊತ್ತಿಲ್ಲ.

ನೀನು ಸಬ್ಬಸಿಗೆ ಸೊಪ್ಪಿನ ಕಟ್ಟು ಹಿಡಿದು ಬಂದ ಆ ಶನಿವಾರ ಮಧ್ಯಾಹ್ನ ನನ್ನ ಕಿವಿ ನೋಡಿದೆ. "ಓಲೆ ಎಲ್ಲೇ?"

"ತೊಳಿಯಕ್ಕೆ ತೆಗೆದಿಟ್ಟಿದೀನಿ."

"ಯಾವ ಅಂಗಡೀಲಿ ತೊಳಿತಾವ್ರೆ?" ಎಂದೆ. ನನಗೆ ಅಳು ಬಂತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನೀನು ಸೊಪ್ಪು ಬಿಡಿಸುತ್ತ ಕೂತೆ. ಒಂದು ಕಡ್ಡಿಯನ್ನೂ ವ್ಯರ್ಥ ಮಾಡದೆ ಬಿಡಿಸಿದೆ. ಆಮೇಲೆ ತಲೆ ಎತ್ತದೆ ಹೇಳಿದೆ. "ನೀನು ಬಂದ್ರೆ ನಾನು ಹೋಗ್ಬೇಕು. ನಾನಿದ್ರೆ ನಿನ್ನ ಮನೇಲಿ ಒಲೆ ಉರಿಯಲ್ಲ. ಅಲ್ವೇನೇ? ಹಂಗಾದ್ರೆ ಇಬ್ರೂ ಬರಣ. ಬೆಳಿಗ್ಗೆ ನೀನು, ಮಧ್ಯಾಹ್ನ ನಾನು. ನೀನು ಪಾಠ ಮಾಡುವಾಗ ಮಗೂನ ನಾನು ಇಟ್ಕತೀನಿ, ನಾನು ಮಾಡುವಾಗ ನೀನು ಇಟ್ಕೋ. ಸಂಬಳ ಅರ್ಧ ಅರ್ಧ."

"ನಿಮ್ಮಮ್ಮನ ಮಾತ್ರೆ?"

"ಹೆಂಗೋ ಆಯ್ತದೆ ಬುಡು. ಅತ್ತಿಗೆ ಒಂದೆರಡು ಮಾತು ಜಾಸ್ತಿ ಆಡ್ತಳೆ, ಅಷ್ಟೇ ತಾನೇ?"

ಅಷ್ಟೇ ತಾನೇ, ಅಂದೆ ನೀನು. ಆ ಒಂದೆರಡು ಮಾತು ಎಂಥವೆಂದು ನನಗೆ ಗೊತ್ತಿರಲಿಲ್ಲವೇ? ಆದರೂ ಬೇಡ ಅನ್ನಲು ನನ್ನಲ್ಲಿ ತ್ರಾಣ ಇರಲಿಲ್ಲ ಕಣೇ. ತಲೆಯಾಡಿಸಿದೆ.

ಹೆಡ್‌ಮಾಸ್ತರು ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದಾಗ ಮಾಡಿದ ಮುಖ ನೆನಪಿದೆಯೇ? "ಹಾಜರಿ ಪುಸ್ತಕದಲ್ಲಿ ಇರೋದು ಒಂದೇ ಸಾಲು ಕಣ್ರಮ್ಮ! ಇಬ್ರು ಹೆಂಗೆ ಸೈನ್ ಹಾಕ್ತೀರಿ?" ಎಂದರು. "ಸೈನ್ ನಂದೇ ಇರ್ಲಿ ಸಾರ್, ಅವಳು ಬರೀ ಪಾಠ ಮಾಡ್ತಾಳೆ" ಎಂದೆ ನೀನು. ಕೊನೆಗೆ ಒಪ್ಪಿಕೊಂಡು, "ಮಂಡಳಿ ಪ್ರೆಸಿಡೆಂಟರು ಬಂದ್ರೆ ಚಾಕ್‌ಪೀಸ್ ಕೇಳಕ್ಕೆ ಬಂದಿದ್ದೆ ಅನ್ನಿ" ಎಂದು ನನಗೆ ಹೇಳಿಕೊಟ್ಟರು. ಹೀಗೆ ಕಾಗದದ ಮೇಲೆ ನಾನು ರಜದಲ್ಲೇ ಉಳಿದೆ. ಮೂರನೇ ಕ್ಲಾಸಿನ ಮಕ್ಕಳು ನಮಗೆ ಬೆಳಗಿನ ಮಿಸ್ಸು, ಮಧ್ಯಾಹ್ನದ ಮಿಸ್ಸು ಎಂದು ಹೆಸರಿಟ್ಟರು. ಊಟದ ಬೆಲ್ಲು ಹೊಡೆದಾಗ ನೀನು ಮಗುವನ್ನು ಹೆಗಲಿಗೆ ಹಾಕಿಕೊಂಡು ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಬರುತ್ತಿದ್ದೆ. ನಾನು ಮಗು ತೆಗೆದುಕೊಳ್ಳುತ್ತಿದ್ದೆ, ನೀನು ಡಸ್ಟರು ತೆಗೆದುಕೊಳ್ಳುತ್ತಿದ್ದೆ. ಎಲ್ಲಿಯವರೆಗೆ ಪಾಠ ಆಯಿತು, ಮಗು ಎಷ್ಟು ಸಲ ಭೇದಿ ಮಾಡಿತು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಿದ್ದೆವು. ಆಗಲೂ ನೀನು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ, "ನಾನಿನ್ನೂ ನೋಡಿಲ್ಲಪ್ಪ ಇವಳನ್ನ" ಅನ್ನುತ್ತಿದ್ದೆ. ಎಷ್ಟು ಸುಸ್ತಾಗಿದ್ದರೂ ಅದಕ್ಕೊಂದು ನಗು ಬರುತ್ತಿತ್ತು.

ಆ ತಿಂಗಳ ಸಂಬಳವನ್ನು ನೀನು ನನ್ನ ಮನೆಯ ಚಾಪೆಯ ಮೇಲೆ ಎರಡು ಪಾಲು ಮಾಡಿ, ಹೊಸ ನೋಟುಗಳನ್ನು ನನ್ನ ಕಡೆ ತಳ್ಳಿದೆ. ನನ್ನ ಪಾಲು ಸೊಸೈಟಿಗೂ ಶೆಟ್ಟರಿಗೂ ಹೋಯಿತು, ಮನೆಗೆ ಮತ್ತೆ ಬೆಲ್ಲ ಬಂತು. ನಿನ್ನ ಪಾಲಿನಲ್ಲಿ ಹತ್ತು ರೂಪಾಯಿ ತೆಗೆದು ಮಗುವಿನ ಕೈಗಿಡಲು ಈ ಸಲವೂ ಆಗಲಿಲ್ಲ. ನನ್ನ ರಜ ಮುಗಿದು ನೀನು ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು, ಮಗುವನ್ನು ಎದೆಗೊತ್ತಿಕೊಂಡು, ನೀನು ನೋಡುತ್ತಿದ್ದದ್ದು ರಸ್ತೆಯನ್ನು. "ನಂಗೊಂದು ಕೆಲಸ ಸಿಗ್ಲಿ, ಬಂದು ನೋಡ್ತೀನಿ. ಇವಳು ಎಲ್ಲೂ ಓಡೋಗಲ್ಲ ತಾನೇ?" ಎಂದೆ.

ಹುಲಿಯೂರುದುರ್ಗದಲ್ಲಿ ಕೆಲಸ ಸಿಕ್ಕಿದೆ ಎಂಬ ನಿನ್ನ ಕಾರ್ಡು ಬಂದದ್ದು ನನ್ನ ಮಗು ಸುಮಾಗೆ ಎರಡು ವರ್ಷ ತುಂಬುವಾಗ. ಬೇಸಿಗೆ ರಜಕ್ಕೆ ಬರುತ್ತೇನೆ, ನೋಟು ತೆಗೆದಿಟ್ಟಿದ್ದೇನೆ ಎಂದು ಬರೆದಿದ್ದೆ. ಅದಾದ ಮೇಲೆ ಬಂದದ್ದು ನಿಮ್ಮಣ್ಣನ ಕಾರ್ಡು. ಕಾಮಾಲೆಯಂತೆ. ಎಲ್ಲ ಮುಗಿದು ಹದಿನೈದು ದಿನ ಕಳೆದ ಮೇಲೆ ಬರೆದಿದ್ದರು. ಇವತ್ತೋ ನಾಳೆಯೋ ಎಂದು ನೀನು ಹೆದರಿಕೊಂಡಿದ್ದ ಅಮ್ಮ ಉಳಿದುಕೊಂಡರು. ನೀನು... ನನಗೆ ಈಗಲೂ ಸಿಟ್ಟಿದೆ ಗಿರಿಜಾ. ಯಾರ ಮೇಲೆ ಅಂತ ಗೊತ್ತಿಲ್ಲ.

ಹೋದ ತಿಂಗಳು ಹೊಸ ಹೆಡ್‌ಮಾಸ್ತರು ನನ್ನನ್ನು ಕರೆದು ಒಂದು ಕಡೆ ಸಹಿ ಹಾಕಿ ಎಂದರು. ನಿನಗೆ ಇದು ಗೊತ್ತಿಲ್ಲ, ನಮ್ಮ ಶಾಲೆಗೆ ಸರ್ಕಾರದ ಗ್ರಾಂಟು ಬಂತು, ನಾನು ಪರ್ಮನೆಂಟ್ ಆದೆ. ಹಳೆಯ ರಜವನ್ನು ಹೆರಿಗೆ ರಜವೆಂದು ಮಾಡಿಸಿಕೊಳ್ಳಿ ಎಂದು ಅವರೇ ಅರ್ಜಿ ಬರೆಸಿದ್ದರು. ಅದರ ಹಿಂದೆ ತುಮಕೂರಿನ ಕಚೇರಿಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆದವು. ಈಗ ಮಂಜೂರಾಗಿ ಮೂರು ತಿಂಗಳ ಸಂಬಳವೂ ಬಂತು. ಎಂಟು ವರ್ಷದ ಮೇಲೆ! ಓಲೆ ಯಾವತ್ತೋ ಹರಾಜಾಗಿತ್ತು. ಸಂತೋಷಪಡುವುದಕ್ಕೂ ಒಂದು ಹೊತ್ತು ಅಂತ ಇರುತ್ತದಲ್ಲ, ಅದು ಕಳೆದುಹೋಗಿತ್ತು. ದುಡ್ಡು ಸೆರಗಿಗೆ ಕಟ್ಟಿಕೊಂಡು ಮನೆಗೆ ನಡೆಯುವಾಗ ಹೊಳೆಯಿತು. ಮೂರನೇ ತಿಂಗಳೂ ನನಗೆ ಪೂರ್ತಿ ಸಂಬಳ ಬಂದ ಮೇಲೆ, ಅವತ್ತು ಚಾಪೆಯ ಮೇಲೆ ನೀನು ನನ್ನ ಕಡೆ ತಳ್ಳಿದ್ದು ಯಾರ ದುಡ್ಡು? ನಿನ್ನದು. ಅರ್ಧ ತಿಂಗಳ ನಿನ್ನ ಸಂಬಳ ನನ್ನ ಹತ್ತಿರವೇ ಉಳಿದಿದೆ. ನಮ್ಮವರಿಗೆ ಹೇಳಿದೆ. ಮನೆ ಬಾಡಿಗೆ ಎರಡು ತಿಂಗಳದ್ದು ನಿಂತಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ "ಬಸ್ ಚಾರ್ಜೂ ಇಟ್ಕೊಂಡು ಹೋಗು" ಎಂದರು. ಸುಮಾಳನ್ನೂ ಕರೆದುಕೊಂಡು ಹೊರಟೆ.

ನಿಮ್ಮ ಮನೆ ಬಾಗಿಲಲ್ಲಿ ನಿಮ್ಮಮ್ಮ ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದರು. ಒಂದು ಹಿಡಿಯಷ್ಟಾಗಿದ್ದಾರೆ. ಅವರು ಬೇಡ ಅನ್ನುತ್ತಾರೆ, ನಾನು ಬಲವಂತ ಮಾಡಬೇಕಾಗುತ್ತದೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬೇಡ ಅನ್ನಲಿಲ್ಲ. "ಗಿರ್ಜಿ ದುಡ್ಡಾ? ಕೊಡವ್ವ" ಎಂದು ಕೈ ಚಾಚಿದರು. ನನಗೆ ಎಷ್ಟು ಹಗುರವಾಯಿತು ಗೊತ್ತೇ? ಒಳಗಿಂದ ನಿಮ್ಮತ್ತಿಗೆ ಇಣುಕಿದ್ದು ಕಂಡು ಬೇಗ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಬೆನ್ನ ಹಿಂದೆ ನಿಂತಿದ್ದ ಸುಮಾಳನ್ನು ನೋಡಿದರು.

"ಇದೇ ಮಗೀನಾ? ಬಾರವ್ವ ಇಲ್ಲಿ" ಎಂದು ಹತ್ತಿರ ಎಳೆದುಕೊಂಡು, ಅವಳ ಎಡಗಿವಿ ಮಡಚಿ, ಹಿಂದಕ್ಕೆ ಕಣ್ಣು ಕಿರಿದು ಮಾಡಿ ನೋಡಿದರು. "ಹೂಂ, ಐತೆ. ಎಳ್ಳುಕಾಳಿನಂಗೆ ಮಚ್ಚೆ. ಗಿರ್ಜಿ ದಿನಾ ಹೇಳ್ತಿದ್ಲು. ಕಿವಿ ಹಿಂದೆ ಮಚ್ಚೆ ಐತೆ, ನಗೋವಾಗ ಬಲಗಡೆ ಮಾತ್ರ ಗುಳಿ ಬೀಳ್ತದೆ, ನಿದ್ದೇಲಿ ಹುಬ್ಬು ಗಂಟಾಕ್ಕತಳೆ ಅಂತ. ಕೇಳಿ ಕೇಳಿ ನಂಗೇ ಬಾಯಿಪಾಠ ಆಗೋಗಿತ್ತು ಕಣವ್ವ."

ಕಳ್ಳೀ! ಕಿವಿಯ ಹಿಂದಿನ ಮಚ್ಚೆ ನನಗೇ ನೆನಪಿರಲಿಲ್ಲ. ಹೆತ್ತವಳು ನಾನು ಉದ್ರಿ ಲೆಕ್ಕದಲ್ಲಿ ಮುಳುಗಿದ್ದಾಗ ಅಷ್ಟನ್ನೆಲ್ಲ ಯಾವಾಗ ನೋಡಿಬಿಟ್ಟೆಯೇ? ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ನಿಮ್ಮಮ್ಮ ಅಳಲಿಲ್ಲ. ಸೊಂಟದಿಂದ ದುಡ್ಡು ತೆಗೆದು, ಅದರಲ್ಲಿ ಒಂದು ಹತ್ತರ ನೋಟು ಆರಿಸಿ, ಹುಣಿಸೆಯಂಟಿನ ಬೆರಳಿನಿಂದ ಸುಮಾಳ ಅಂಗೈಯಲ್ಲಿಟ್ಟು ಮಡಚಿದರು.

"ಇಸ್ಕೊ ಮಗ. ನಿನ್ನ ಮೊದಲ್ನೇ ಸಲ ನೋಡ್ತಿರಾದು ನಾನು. ಬರಿಗೈಲಿ ನೋಡಕ್ಕಾಯ್ತದಾ?"

ಬಸ್ಸಿನಲ್ಲಿ ಸುಮಾ ಮುಷ್ಟಿ ಬಿಡಿಸಲೇ ಇಲ್ಲ. ಅಜ್ಜಿ ಇದನ್ನ ನಂಗ್ಯಾಕಮ್ಮ ಕೊಟ್ಟಿದ್ದು ಎಂದಳು. ಕೊಟ್ಟದ್ದು ನಿನ್ನ ಮಧ್ಯಾಹ್ನದ ಮಿಸ್ಸು ಎಂದೆ. ಕುಣಿಗಲ್ ಬರುವವರೆಗೂ ನಿನ್ನ ಕಥೆ ಹೇಳಿದೆ. ಕೇಳುತ್ತ ಕೇಳುತ್ತ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಹುಬ್ಬು ಗಂಟು ಹಾಕಿಕೊಂಡೇ ಮಲಗಿದ್ದಳು, ನಿಜ.

ನಿನ್ನ ನೋಟು ಬಂದು ಮುಟ್ಟಿದೆ ಗಿರಿಜಾ. ಇನ್ನು ಮುಖ ತಿರುಗಿಸಿಕೊಳ್ಳಬೇಡ. ಇತ್ತ ನೋಡು.

ನಿನ್ನ ಬೆಳಗಿನ ಮಿಸ್ಸು,
ವನಜ