ಎಸಿ ಬೇಕೋ, ಮಾವ ಬೇಕೋ

ಮಾರ್ಚ್ 4, ಬೆಳಿಗ್ಗೆ 6.10
ಮಾವ ಮೀಟರ್ ಓದಿಯಾಯಿತು. "ನಿನ್ನೆ ಒಂಬತ್ತು ಯೂನಿಟ್!" — ಅಂಗಳದಿಂದಲೇ ಕೂಗು. ಮೂವತ್ತೈದು ವರ್ಷ ಊರವರ ಮೀಟರ್ ಓದಿದವರು. ನಿವೃತ್ತಿಯಾದ ಮೇಲೆ ಉಳಿದಿರುವುದು ನಮ್ಮದೊಂದೇ. ಕೇಳಿಸಿಕೊಳ್ಳಲು ನಾನೊಬ್ಬಳೇ. ಇವರು ಹೊದಿಕೆಯೊಳಗೆ — ನಿದ್ದೆಯೋ ನಾಟಕವೋ.

ಅದೇ ದಿನ, ಮಧ್ಯಾಹ್ನ 3
ಹೊಲಿಗೆ ಕೋಣೆ 38 ಡಿಗ್ರಿ. ನೆತ್ತಿಯ ಮೇಲೆ ನೇರ ತಾರಸಿ. ಮದುಮಗಳ ಗೌನಿನ ಮೇಲೆ ನನ್ನ ಬೆವರು ತೊಟ್ಟಿಕ್ಕಿತು. ಇನ್ನೂ ಆರು ಗೌನು ಬಾಕಿ. ಎಸಿ ಬೇಕೇ ಬೇಕು ಎಂದೆ.
ಮಾವ ಎದ್ದು ಕೂತರು. "ಬಿಸಿಲು ಒಳಗೆ ಬಂದ್ಮೇಲೆ ಓಡಿಸೋದಲ್ಲಮ್ಮ, ಬರೋಕೆ ಮುಂಚೆ ತಡೀಬೇಕು. ಒಂದು ತಿಂಗಳು ಕೊಡು. ಐದು ಡಿಗ್ರಿ ಇಳೀಲಿಲ್ಲ ಅಂದ್ರೆ ಎಸಿ ಹಾಕಿಸ್ಕೋ. ನಾನು ದೊಡ್ಡ ಮಗನ ಮನೆಗೆ ಹೋಗ್ತೀನಿ."
ಎಸಿಯೂ ಬರುತ್ತದೆ, ಮೀಟರ್ ಕೂಗೂ ನಿಲ್ಲುತ್ತದೆ! ಹಾಲು ಕುಡಿದಷ್ಟು ಸಂತೋಷ. ಇವರನ್ನು ಕೇಳಿದರೆ, "ಇಬ್ರು ಹೇಳೋದೂ ಸರೀನೇ." ಹಾವೂ ಸಾಯಬಾರದು, ಕೋಲೂ...

ಮಾರ್ಚ್ 9
ಮಾವ ತಾರಸಿಗೆ ಬಿಳಿ ಬಣ್ಣ ಬಳಿದರು. ವಯಸ್ಸು ಎಪ್ಪತ್ತಮೂರು. ಇಳಿದು ಬಂದಾಗ ಹುಬ್ಬು, ಮೀಸೆ, ಕನ್ನಡಕ — ಎಲ್ಲ ಬಿಳಿ. ಅಳತೆ ಕೊಡಲು ಬಂದಿದ್ದ ಮದುಮಗಳು ಕಿಟಾರನೆ ಕಿರುಚಿದಳು.
ಸೊಂಟ ಹಿಡಿದಿದೆ. "ಏನೂ ಇಲ್ಲ" ಎನ್ನುತ್ತಾರೆ, ಗೋಡೆ ಹಿಡಿದುಕೊಂಡು. ಬಿಸಿನೀರಿನ ಚೀಲ ಕೊಟ್ಟೆ.
"ಎಷ್ಟು ಕರೆಂಟು ಹೋಯ್ತು ಇದಕ್ಕೆ?"
"ಗ್ಯಾಸಲ್ಲಿ ಕಾಯಿಸಿದ್ದು, ಮಾವ."
"ಮುಚ್ಚಳ ಮುಚ್ಚಿದ್ದೆಯಾ?"

ಮಾರ್ಚ್ 11
36. ಪಡುವಣ ಕಿಟಕಿಗೆ ಈಗ ಹೊರಗಿನಿಂದ ಚಾಪೆ. ನನ್ನ ಪರದೆ ಒಳಗಿತ್ತು — ಗಾಜು ದಾಟಿದ ಬಿಸಿಲು ಮನೆಗೆ ಬಂದ ನೆಂಟನಂತೆ, ಕಳಿಸಲಾಗದು ಎಂದರು. ಇಸ್ತ್ರಿಯೂ ದಿನವಿಡೀ ಬಿಟ್ಟು ಬಿಟ್ಟು ಬೇಡವಂತೆ. ಬೆಳಿಗ್ಗೆ ಏಳರೊಳಗೆ ಎಲ್ಲ ಒಟ್ಟಿಗೆ. ಮಾಡಿದೆ. ಗೊಣಗುತ್ತಲೇ.

ಮಾರ್ಚ್ 25
ಇಷ್ಟು ದಿನ ಬರೆಯಲು ಪುರುಸೊತ್ತಿಲ್ಲ. ಐದು ಗೌನು ಮುಗಿದವು. ಸುಡು ಮಧ್ಯಾಹ್ನವೂ ಹೊಲಿಯುತ್ತಿದ್ದೇನೆ — ಯಾರಿಗೂ ಹೇಳಿಲ್ಲ. ಥರ್ಮಾಮೀಟರ್ 34. ಇನ್ನೊಂದು ಡಿಗ್ರಿ ಇಳಿದರೆ ನನ್ನ ಎಸಿಗೆ ಎಳ್ಳುನೀರು.

ಏಪ್ರಿಲ್ 4, ಸಂಜೆ
ಮೂರು ಗಂಟೆಗೆ ಓದುವುದೆಂದು ಒಪ್ಪಂದ. ಊಟವಾದ ಮೇಲೆ ಮೆಲ್ಲಗೆ ಕೋಣೆಗೆ ಹೋಗಿ, ಇಸ್ತ್ರಿಪೆಟ್ಟಿಗೆ ಹಚ್ಚಿ, ಥರ್ಮಾಮೀಟರಿನ ಕೆಳಗೇ ಇಟ್ಟು ಬಂದೆ. ತಪ್ಪೇ. ಗೊತ್ತು.
ಮೂರಕ್ಕೆ ಐದು ನಿಮಿಷ. ಇಸ್ತ್ರಿ ಅಡಗಿಸಲು ಹೋದರೆ ಮಾವ ಅಲ್ಲೇ! ಥರ್ಮಾಮೀಟರಿಗೆ ಒದ್ದೆ ಕರವಸ್ತ್ರ ಸುತ್ತುತ್ತಿದ್ದಾರೆ. ನನ್ನ ಕಣ್ಣು ಕರವಸ್ತ್ರದ ಮೇಲೆ, ಅವರ ಕಣ್ಣು ಇಸ್ತ್ರಿಯ ಮೇಲೆ. ನಡುವೆ ಹಬೆ.
"ಎಷ್ಟು ಹೊತ್ತಿಂದ ಉರೀತಿದೆ ಇದು?"
"ಅರ್ಧ ಗಂಟೆ, ಮಾವ."
"ಅರ್ಧ ಯೂನಿಟ್!" ಬೈಗುಳ ಅಷ್ಟೇ. ಸ್ಟೂಲಿನ ಮೇಲೆ ಕುಸಿದು ಕೂತರು. "ದೊಡ್ಡೋನ ಮನೇಲಿ ಮೀಟರು ನೆಲಮಾಳಿಗೇಲಿ. ಬೀಗ ಹಾಕಿರ್ತಾರಮ್ಮ. ಬೆಳಿಗ್ಗೆ ಎದ್ದು ನಾನಲ್ಲಿ ಏನ್ ಮಾಡ್ಲಿ?"
ಇಸ್ತ್ರಿ ಆರಿಸಿ ಆಚೆ ಇಟ್ಟೆ. ಕರವಸ್ತ್ರ ಬಿಚ್ಚಿ ಹಿಂಡಿದೆ. ಕೋಣೆಯ ಬಿಸಿ ಇಳಿಯಲೆಂದು ಒಂದು ಗಂಟೆ ಇಬ್ಬರೂ ಕಾದೆವು, ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ.
"ನೀನೇ ಓದು" ಎಂದು ಮುಖ ತಿರುಗಿಸಿದರು. ಜೀವಮಾನದಲ್ಲಿ ಇನ್ನೊಬ್ಬರಿಗೆ ಓದಲು ಬಿಟ್ಟವರಲ್ಲ.
ಮೂವತ್ತಮೂರೂವರೆ.
"ಮೂವತ್ತಮೂರು, ಮಾವ" ಎಂದೆ.

ಏಪ್ರಿಲ್ 6, ಮಧ್ಯಾಹ್ನ 2.30
ಹೊರಗೆ ಮಾವ ಅವರೆಬಳ್ಳಿ ಹಬ್ಬಿಸಲು ಗೋಡೆಗೆ ದಾರ ಕಟ್ಟುತ್ತಿದ್ದಾರೆ. ಉಳಿದ ಅರ್ಧ ಡಿಗ್ರಿಗಂತೆ.
"ಯಾವ ಅರ್ಧ, ಮಾವ?" ಎಂದೆ ಕಿಟಕಿಯಿಂದ.
"ನೀನು ನುಂಗಿದ್ದು."
ದಾರದ ಇನ್ನೊಂದು ತುದಿ ಹಿಡಿಯಲು ಕರೆಯುತ್ತಿದ್ದಾರೆ. ಹೋಗಬೇಕು. ಆದರೆ ಇಲ್ಲಿ ಎಷ್ಟು ತಂಪು... ಕಣ್ಣು ಎಳೆಯುತ್ತಿದೆ. ಒಂದೇ ಒಂದು ನಿಮಿಷ ಮೇಜಿನ ಮೇಲೆ ತಲೆ